ಚೌಕಟ್ಟಿನಾಚೆಗೂ ಚಿತ್ರ: ಎಐ ನೆರವಿನಿಂದ ಫೋಟೋ ಹಿಗ್ಗಿಸುವ ಸಮಗ್ರ ಮಾರ್ಗದರ್ಶಿ

ಕಾಫಿ ಹೂ ಅರಳುವ ಕಾಲಕ್ಕೆ ಹಾಸನದ ನಮ್ಮ ಸ್ಟುಡಿಯೋಗೆ ಒಂದೇ ಬಗೆಯ ಬೇಡಿಕೆ ಮತ್ತೆ ಮತ್ತೆ ಬರುತ್ತದೆ. ಸಕಲೇಶಪುರದ ಕಡೆಯಿಂದಲೋ ಮೂಡಿಗೆರೆಯ ಕಡೆಯಿಂದಲೋ ಹೋಂಸ್ಟೇ ನಡೆಸುವವರೊಬ್ಬರು ತಮ್ಮ ತೋಟದ ಚಿತ್ರ ಕಳಿಸುತ್ತಾರೆ. ಗಿಡದ ತುಂಬ ಮಲ್ಲಿಗೆಯಂತೆ ಬೆಳ್ಳನೆಯ ಹೂ, ಹಿಂದೆ ಸಿಲ್ವರ್ ಓಕ್ ಮರಗಳು, ಬೆಳಗಿನ ಮಂಜು. ಚಿತ್ರ ಸೊಗಸಾಗಿಯೇ ಇರುತ್ತದೆ. ಆದರೆ ಅದು ಮೊಬೈಲನ್ನು ನೆಟ್ಟಗೆ ಹಿಡಿದು ತೆಗೆದದ್ದು. ಅವರಿಗೆ ಬೇಕಾದದ್ದು ರಸ್ತೆ ಬದಿಯಲ್ಲಿ ಅಡ್ಡಲಾಗಿ ಕಟ್ಟುವ 8×4 ಅಡಿಯ ಫ್ಲೆಕ್ಸ್. ಇನ್ನೊಮ್ಮೆ ತೆಗೆದು ಕಳಿಸಿ ಎನ್ನೋಣವೆಂದರೆ, ಹೂಮಳೆ ಬಿದ್ದು ಎಂಟು–ಹತ್ತು ದಿನಕ್ಕೆ ಅರಳುವ ಕಾಫಿ ಹೂ ಮೂರು–ನಾಲ್ಕು ದಿನದಲ್ಲಿ ಬಾಡಿಹೋಗುತ್ತದೆ. ಮತ್ತೆ ಅಂಥ ಚಿತ್ರಕ್ಕೆ ಮುಂದಿನ ವರ್ಷವೇ ಗತಿ.

ಅಂಚಿನ ಆಚೆಗೆ ಇಲ್ಲದ ಭಾಗವನ್ನು ಎಐ ತಂತ್ರಾಂಶದಿಂದ ಬರೆಸಿ ಚಿತ್ರ ಹಿಗ್ಗಿಸುವ ಕೆಲಸಕ್ಕೆ ನಾನು ಇಳಿದದ್ದು ಇಂಥ ಬೇಡಿಕೆಗಳಿಂದಲೇ. ಈ ಕೆಲಸಕ್ಕೆ ಔಟ್‌ಪೇಂಟಿಂಗ್ ಎಂಬ ಹೆಸರಿದೆ. ಚಿತ್ರವನ್ನು ಆರಿಸುವುದರಿಂದ ಹಿಡಿದು ಮುದ್ರಣಕ್ಕೆ ಕೊಡುವವರೆಗೆ ಅದನ್ನು ಹೇಗೆ ಮಾಡಬೇಕೆಂದು ಇಲ್ಲಿ ಬರೆದಿದ್ದೇನೆ. ಒಂದು ಮಾತು ಮೊದಲೇ ಹೇಳಿಬಿಡಬೇಕು. ಚೌಕಟ್ಟಿನ ಆಚೆ ನಿಜವಾಗಿ ಏನಿತ್ತು ಎಂಬುದು ಯಂತ್ರಕ್ಕೆ ಗೊತ್ತಿಲ್ಲ, ಅದು ಊಹಿಸುತ್ತದೆ ಅಷ್ಟೆ. ಮಂಜು, ಆಕಾಶ, ಎಲೆರಾಶಿ ಇವುಗಳಲ್ಲಿ ಊಹೆ ನಡೆಯುತ್ತದೆ. ಮುಖ, ಕೈ, ಶಿಲ್ಪ ಇವುಗಳಲ್ಲಿ ನಡೆಯಬಾರದು. ಮುಂದೆ ಹೇಳುವ ಪ್ರತಿಯೊಂದು ಹೆಜ್ಜೆಯ ಹಿಂದೆಯೂ ಈ ಎಚ್ಚರ ಇದೆ.

ಯಂತ್ರ ಮಾಡುವುದಾದರೂ ಏನು

ಖಾಲಿ ಜಾಗ ತುಂಬುವ ಸೌಲಭ್ಯ ಹೊಸದಲ್ಲ. ಫೋಟೋಶಾಪ್‌ನ ಸಿಎಸ್5 ಆವೃತ್ತಿ 2010ರಲ್ಲಿ ಬಂದಾಗಲೇ ಕಂಟೆಂಟ್ ಅವೇರ್ ಫಿಲ್ ಇತ್ತು. ಅದು ಅದೇ ಚಿತ್ರದ ತುಣುಕುಗಳನ್ನು ಹೆಕ್ಕಿ ತಂದು ತೇಪೆ ಹಾಕುತ್ತದೆ. ಚಿತ್ರದಲ್ಲಿ ಇಲ್ಲದ್ದನ್ನು ಅದು ತರಲಾರದು. 2022ರ ಆಗಸ್ಟ್‌ನಲ್ಲಿ ಓಪನ್‌ಎಐ ಸಂಸ್ಥೆ ಪದಗಳಲ್ಲಿ ವಿವರಿಸಿದರೆ ಚಿತ್ರ ಬರೆಯುವ ತನ್ನ ಡಾಲ್-ಇ 2ಕ್ಕೆ ಔಟ್‌ಪೇಂಟಿಂಗ್ ಸೇರಿಸಿತು. ಅದೇ ತಿಂಗಳು ಅಂಥದೇ ಇನ್ನೊಂದು ತಂತ್ರಾಂಶ ಸ್ಟೇಬಲ್ ಡಿಫ್ಯೂಷನ್ ಎಲ್ಲರಿಗೂ ಮುಕ್ತವಾಗಿ ಸಿಕ್ಕಿತು. ಮರುವರ್ಷ ಅಡೋಬಿ ತನ್ನ ಫೋಟೋಶಾಪ್‌ಗೆ ಜನರೇಟಿವ್ ಎಕ್ಸ್‌ಪ್ಯಾಂಡ್ ತಂದಿತು.

ಈ ಹೊಸ ವಿಧಾನದಲ್ಲಿ ಖಾಲಿ ಜಾಗಕ್ಕೆ ಮೊದಲು, ಹಳೆಯ ಟಿವಿಯಲ್ಲಿ ಸಿಗ್ನಲ್ ಹೋದಾಗ ಕಾಣುತ್ತಿತ್ತಲ್ಲ, ಅಂಥ ಚುಕ್ಕಿಗಳ ಗದ್ದಲ ತುಂಬುತ್ತದೆ. ಆಮೇಲೆ ಹಂತ ಹಂತವಾಗಿ ಆ ಗದ್ದಲವನ್ನು ತಿಳಿಗೊಳಿಸುತ್ತಾ ಹೋಗುತ್ತದೆ. ಪಕ್ಕದಲ್ಲಿ ಏನಿದೆ ಎಂದು ನೋಡಿ, ತಾನು ಕಲಿತ ಅಪಾರ ಚಿತ್ರಗಳಲ್ಲಿ ಇಂಥದರ ಪಕ್ಕ ಸಾಮಾನ್ಯವಾಗಿ ಏನಿರುತ್ತಿತ್ತೋ ಅದರ ಕಡೆಗೆ ಚುಕ್ಕಿಗಳನ್ನು ಎಳೆಯುತ್ತದೆ. ‘ಸಾಮಾನ್ಯವಾಗಿ’ ಎಂಬ ಮಾತಿನಲ್ಲೇ ನಮ್ಮ ಕಡೆಯವರ ತೊಂದರೆ ಇರುವುದು. ಹಸಿರು ಗುಡ್ಡ ಮತ್ತು ಮಂಜು ಕಂಡರೆ ಯಂತ್ರ ಚಹಾ ತೋಟ ಬರೆಯಲು ಹೊರಡುವುದನ್ನು ನಾನು ಎಷ್ಟೋ ಬಾರಿ ನೋಡಿದ್ದೇನೆ. ಬಾಚಣಿಗೆಯಲ್ಲಿ ಬಾಚಿದಂತೆ ಸಾಲು ಸಾಲು ಗಿಡ, ಮೇಲೆ ಒಂದು ಮರವೂ ಇಲ್ಲ. ನಮ್ಮ ಕಾಫಿ ನೆರಳಿನಲ್ಲಿ ಬೆಳೆಯುವ ಗಿಡ. ಮರದ ಕಾಂಡಕ್ಕೆ ಮೆಣಸಿನ ಬಳ್ಳಿ ಹಬ್ಬಿರುತ್ತದೆ. ಅದನ್ನು ಬಲ್ಲ ಕಣ್ಣು ಈ ಕೆಲಸ ಮಾಡುವವರಿಗೆ ಇರಲೇಬೇಕು.

ಮೊದಲ ಹೆಜ್ಜೆ: ಅಂಚು ಓದುವುದು

ತಂತ್ರಾಂಶ ತೆರೆಯುವ ಮುನ್ನ ಚಿತ್ರವನ್ನು ಪರದೆಯ ಮೇಲೆ ದೊಡ್ಡದಾಗಿಸಿ, ನಾಲ್ಕೂ ಅಂಚುಗಳ ಉದ್ದಕ್ಕೂ ಬೆರಳು ಓಡಿಸುತ್ತಾ ಬನ್ನಿ. ಅಂಚನ್ನು ಏನೇನು ದಾಟುತ್ತಿದೆ? ಬರಿಯ ಎಲೆಗಳೋ, ಅರ್ಧಕ್ಕೆ ಕತ್ತರಿಸಿದ ಮನುಷ್ಯನೋ, ಹೆಂಚಿನ ಮಾಡಿನ ಮೂಲೆಯೋ, ವಿದ್ಯುತ್ ತಂತಿಯೋ? ಅರ್ಧಕ್ಕೆ ನಿಂತ ಪ್ರತಿಯೊಂದನ್ನೂ ಯಂತ್ರ ಪೂರ್ತಿ ಮಾಡಲೇಬೇಕಾಗುತ್ತದೆ. ಹೆಚ್ಚಿನ ಕಾಮಗಾರಿ ಕೆಡುವುದು ಅಲ್ಲಿಯೇ.

ಇದಕ್ಕೆ ನಾನು ಬಳಸುವ ಉಪಾಯ ವಿಚಿತ್ರವಾಗಿ ಕೇಳಿಸಬಹುದು: ಹಿಗ್ಗಿಸುವ ಮೊದಲು ಕುಗ್ಗಿಸಿ. ಅಂಚಿನಲ್ಲಿ ಯಾರದೋ ಮೊಣಕೈ ಮಾತ್ರ ಕಾಣುತ್ತಿದ್ದರೆ ಆ ಮೊಣಕೈ ಹೋಗುವಷ್ಟು ಕ್ರಾಪ್ ಮಾಡಿ. ಈಗ ಅಂಚಿನಲ್ಲಿ ಉಳಿಯುವುದು ಹಸಿರು. ಹಸಿರಿನಿಂದ ಹಸಿರು ಬರೆಯುವುದು ಯಂತ್ರಕ್ಕೆ ಸುಲಭ. ಮೊಣಕೈಯಿಂದ ಮನುಷ್ಯನನ್ನು ಬರೆಯಲು ಬಿಟ್ಟರೆ ಯಾರೆಂದು ಯಾರಿಗೂ ಗೊತ್ತಿಲ್ಲದ ಒಬ್ಬ ವ್ಯಕ್ತಿ ನಿಮ್ಮ ಗ್ರಾಹಕರ ಮದುವೆ ಆಲ್ಬಂನೊಳಗೆ ಬಂದು ನಿಲ್ಲುತ್ತಾನೆ.

ಸ್ಕ್ಯಾನ್ ಮಾಡಿದ ಹಳೆಯ ಫೋಟೋಗಳಿಗೆ ಇದು ಇನ್ನೂ ಮುಖ್ಯ. ಅವುಗಳ ಸುತ್ತ ಬಿಳಿ ಅಂಚು ಇರುತ್ತದೆ, ಮೂಲೆಗಳು ಮಡಿಸಿರುತ್ತವೆ. ಕೂದಲೆಳೆಯಷ್ಟು ಬಿಳಿ ಗೆರೆ ಉಳಿದರೂ ಯಂತ್ರ ಅದನ್ನು ಚಿತ್ರದ ಭಾಗವೆಂದೇ ತಿಳಿದು, ಗೋಡೆಗೆ ನೇತುಹಾಕಿದ ಕಟ್ಟು ಹಾಕಿದ ಫೋಟೋ ಬರೆದುಬಿಡುತ್ತದೆ. ಸುತ್ತಲೂ 20ರಿಂದ 30 ಪಿಕ್ಸೆಲ್ ಕತ್ತರಿಸಿ ಮುಂದುವರಿಯಿರಿ.

ಎರಡನೆಯದು: ಲೆಕ್ಕ

ಕೈಯಂದಾಜಿನಲ್ಲಿ ಚೌಕಟ್ಟು ಎಳೆಯಬೇಡಿ. ಮೊಬೈಲಿನ 12 ಮೆಗಾಪಿಕ್ಸೆಲ್ ಚಿತ್ರ ನೆಟ್ಟಗಿದ್ದಾಗ 3000×4000 ಪಿಕ್ಸೆಲ್‌ನ ಆಸುಪಾಸು ಇರುತ್ತದೆ. 8×4 ಅಡಿ ಎಂದರೆ ಎರಡಕ್ಕೆ ಒಂದರ ಅನುಪಾತ. 4000 ಎತ್ತರವನ್ನು ಹಾಗೆಯೇ ಉಳಿಸಿಕೊಂಡರೆ 8000 ಅಗಲ ಬೇಕು, ಅಂದರೆ ಹೊಸದಾಗಿ 5000 ಪಿಕ್ಸೆಲ್ ಬರೆಸಬೇಕು. ನಿಜವಾದ ತೋಟಕ್ಕಿಂತ ಊಹೆಯ ತೋಟವೇ ದೊಡ್ಡದಾಯಿತು. ಅದು ಬೇಡ.

ಮೇಲಿನ ಆಕಾಶವನ್ನೂ ಕೆಳಗಿನ ಮಣ್ಣನ್ನೂ ಸ್ವಲ್ಪ ಕತ್ತರಿಸಿ ಎತ್ತರವನ್ನು 2400ಕ್ಕೆ ತನ್ನಿ. ಈಗ ಬೇಕಾದ ಅಗಲ 4800. ಇರುವ 3000 ಕಳೆದರೆ 1800, ಎಡಕ್ಕೆ 900, ಬಲಕ್ಕೆ 900. ಎಂಟು ಅಡಿ ಎಂದರೆ 96 ಇಂಚು. 4800 ಪಿಕ್ಸೆಲ್ ಇಂಚಿಗೆ 50ರಂತೆ ಬರುತ್ತದೆ. ಆಲ್ಬಂಗೆ ಇದು ಏನೇನೂ ಸಾಲದು, ಆದರೆ ದೂರದಿಂದ ನೋಡುವ ಫ್ಲೆಕ್ಸ್‌ಗೆ ಸಾಕು. ಒಟ್ಟು ಅಗಲದಲ್ಲಿ ಹೊಸತು ಮೂರನೇ ಒಂದು ಭಾಗದ ಸುತ್ತಮುತ್ತ ನಿಲ್ಲಬೇಕು ಎಂಬುದು ನಾನು ಹಾಕಿಕೊಂಡ ಗೆರೆ. ಈ ಉದಾಹರಣೆ ಅದನ್ನು ತುಸು ದಾಟಿದೆ. ಎರಡೂ ಬದಿಗೆ ಹಂಚಿಹೋಗಿರುವುದರಿಂದ ಒಪ್ಪಿಕೊಳ್ಳಬಹುದು.

ಮದುವೆ ಆಲ್ಬಂನ ಲೆಕ್ಕ ಬೇರೆ. 12×36 ಇಂಚಿನ ಜೋಡಿಪುಟಕ್ಕೆ 300 ಡಿಪಿಐನಲ್ಲಿ, ಅಂದರೆ ಇಂಚಿಗೆ 300 ಚುಕ್ಕಿಯಂತೆ, 10800×3600 ಪಿಕ್ಸೆಲ್ ಬೇಕು. 24 ಮೆಗಾಪಿಕ್ಸೆಲ್ ಕ್ಯಾಮೆರಾದ 6000×4000 ಚಿತ್ರವನ್ನು ಎತ್ತರದಲ್ಲಿ 3000ಕ್ಕೆ ಕತ್ತರಿಸಿದರೆ ಬೇಕಾದ ಅಗಲ 9000; ಹೊಸದಾಗಿ ಬರೆಸುವುದು ಬದಿಗೆ 1500. ಆಮೇಲೆ ಒಟ್ಟು ಚಿತ್ರವನ್ನು ಸ್ವಲ್ಪ ದೊಡ್ಡದಾಗಿಸಿದರೆ ಅಳತೆ ಕೂಡುತ್ತದೆ.

ಲಗ್ನಪತ್ರಿಕೆ ಮಾಡುವವರಿಗೆ ಬೇಕಾಗುವುದು ಇಷ್ಟೆಲ್ಲ ಅಲ್ಲ, ಕತ್ತರಿಸುವ ಅಂಚಿಗೆಂದು ಬಿಡುವ 3 ಮಿಲಿಮೀಟರ್ ಮಾತ್ರ. 300 ಡಿಪಿಐನಲ್ಲಿ ಅದು ಸುಮಾರು 35 ಪಿಕ್ಸೆಲ್. ಅಷ್ಟಕ್ಕೆ ಎಐ ಬೇಕಿಲ್ಲ, ಹಳೆಯ ಕಂಟೆಂಟ್ ಅವೇರ್ ಫಿಲ್ ಸಾಕು. ಒಂದೇ ಬಣ್ಣದ ಗೋಡೆ, ಮೋಡವಿಲ್ಲದ ಆಕಾಶ ಇವಕ್ಕೂ ಅದೇ ಸಾಕು. ಉಚಿತ ತಂತ್ರಾಂಶ ಜಿಂಪ್‌ನ ಕ್ಲೋನ್ ಮತ್ತು ಹೀಲ್ ಉಪಕರಣಗಳಲ್ಲೂ ಐದು ನಿಮಿಷದಲ್ಲಿ ಮುಗಿಯುತ್ತದೆ.

ಮೂರನೆಯದು: ಫೋಟೋಶಾಪ್‌ನಲ್ಲಿ ಹಿಗ್ಗಿಸುವುದು

ನಾನು ದಿನನಿತ್ಯ ಬಳಸುವುದು ಇದನ್ನೇ. ಕಂಪ್ಯೂಟರ್ ನಿಮ್ಮ ಮೇಜಿನ ಮೇಲೆಯೇ ಇದ್ದರೂ ಹೊಸ ಭಾಗ ಸಿದ್ಧವಾಗುವುದು ಅಡೋಬಿಯ ಸರ್ವರ್‌ನಲ್ಲಿ. ಹಾಗಾಗಿ ಇಂಟರ್‌ನೆಟ್ ಇರಬೇಕು, ತಿಂಗಳಿಗೆ ಇಷ್ಟು ಎಂಬ ಕ್ರೆಡಿಟ್ ಲೆಕ್ಕವೂ ಇದೆ.

1. ಚಿತ್ರ ತೆರೆದು ಮೂಲ ಪದರದ (ಲೇಯರ್) ಒಂದು ಪ್ರತಿ ಮಾಡಿ, ಮೂಲವನ್ನು ಬೀಗ ಹಾಕಿಡಿ.
2. ಕೀಲಿಮಣೆಯ ‘ಸಿ’ ಒತ್ತಿ ಕ್ರಾಪ್ ಉಪಕರಣ ತೆಗೆದುಕೊಳ್ಳಿ. ಮೇಲಿನ ಪಟ್ಟಿಯಲ್ಲಿ ಫಿಲ್ ಎಂಬಲ್ಲಿ ಜನರೇಟಿವ್ ಎಕ್ಸ್‌ಪ್ಯಾಂಡ್ ಆರಿಸಿ.
3. ಮೊದಲು ಎಡ ಅಂಚನ್ನು ಮಾತ್ರ ಹೊರಗೆಳೆಯಿರಿ. ಎರಡೂ ಬದಿಯನ್ನು ಒಟ್ಟಿಗೆ ಎಳೆಯಬೇಡಿ.
4. ವಿವರಣೆಯ ಜಾಗವನ್ನು ಖಾಲಿ ಬಿಟ್ಟು ಜನರೇಟ್ ಒತ್ತಿ. ಮೂರು ಬಗೆಗಳು ಬರುತ್ತವೆ. ಪ್ರಾಪರ್ಟೀಸ್ ಫಲಕದಲ್ಲಿ ಒಂದೊಂದನ್ನೇ ಒತ್ತಿ ನೋಡಿ.
5. ಒಪ್ಪಿಗೆಯಾದದ್ದನ್ನು ಉಳಿಸಿಕೊಂಡು, ಬಲ ಬದಿಗೆ ಅದೇ ಕ್ರಮ.

ಒಂದೊಂದೇ ಬದಿ ಏಕೆ ಎಂದರೆ, ಎಡಕ್ಕೆ ಚೆನ್ನಾಗಿ ಬಂದದ್ದು ಬಲಕ್ಕೆ ಕೆಟ್ಟಿರುವ ಸಂಭವವೇ ಹೆಚ್ಚು. ಒಟ್ಟಿಗೆ ಬರೆಸಿದರೆ ಕೆಟ್ಟದ್ದಕ್ಕಾಗಿ ಒಳ್ಳೆಯದನ್ನೂ ಬಿಡಬೇಕಾಗುತ್ತದೆ.

ವಿವರಣೆ ಖಾಲಿ ಬಿಡಿ ಎಂದು ನಾನು ಹೇಳುವುದು ಮೊದಲ ಯತ್ನಕ್ಕೆ ಮಾತ್ರ. ಖಾಲಿ ಬಿಟ್ಟಾಗ ಯಂತ್ರ ಪಕ್ಕದ ಚಿತ್ರವನ್ನೇ ನಂಬುತ್ತದೆ, ಅದೇ ಒಳ್ಳೆಯದು. ಚಹಾ ತೋಟ ಬಂದಾಗ ಮಾತ್ರ ಬರೆಯಿರಿ. ಇಂಗ್ಲಿಷಿನ ಚುಟುಕು ಪದಗಳೇ ನನಗೆ ಹೆಚ್ಚು ಕೈಗೂಡಿವೆ. ‘ಈ ಚಿತ್ರವನ್ನು ಎಡಕ್ಕೆ ದೊಡ್ಡದು ಮಾಡು’ ಎಂಬ ಅಪ್ಪಣೆಗಿಂತ ಅಲ್ಲಿ ಏನು ಕಾಣಬೇಕೋ ಅದರ ಹೆಸರು ಬರೆಯುವುದೇ ಸರಿ: ಮರದ ನೆರಳಿನಲ್ಲಿ ಕಾಫಿ ಗಿಡಗಳು, ಎತ್ತರದ ಮರಕ್ಕೆ ಹಬ್ಬಿದ ಮೆಣಸಿನ ಬಳ್ಳಿ, ಬೆಳಗಿನ ಮಂಜು, ಮಸುಕಾದ ಹಿನ್ನೆಲೆ. ‘ಮನುಷ್ಯರು ಬೇಡ’ ಎಂದು ಬರೆದರೆ ಮನುಷ್ಯ ಎಂಬ ಪದವೇ ಯಂತ್ರವನ್ನು ಆ ಕಡೆ ಎಳೆಯುವುದುಂಟು. ಬೇಡವಾದುದರ ಹೆಸರೆತ್ತದಿರುವುದೇ ವಾಸಿ.

ಇನ್ನೊಂದು ತೊಡಕು ಚಿತ್ರದ ಸೂಕ್ಷ್ಮತೆಯದು (ರೆಸಲ್ಯೂಶನ್). ಆರಂಭದ ಆವೃತ್ತಿಗಳಲ್ಲಿ ಹೊಸದಾಗಿ ಬರೆದ ಭಾಗ 1024 ಪಿಕ್ಸೆಲ್‌ಗೆ ಸೀಮಿತವಾಗಿತ್ತು. ಅದಕ್ಕಿಂತ ದೊಡ್ಡ ಜಾಗ ತೋರಿಸಿದರೆ ಅದನ್ನೇ ಹಿಗ್ಗಿಸಿ ಮಸುಕಾಗಿ ಕೊಡುತ್ತಿತ್ತು. ಈಗ ಪರಿಸ್ಥಿತಿ ಸುಧಾರಿಸಿದರೂ ಸಣ್ಣ ಸಣ್ಣ ಪಟ್ಟಿಗಳಾಗಿ ಮುಂದುವರಿಯುವ ಅಭ್ಯಾಸವನ್ನು ನಾನು ಬಿಟ್ಟಿಲ್ಲ. 900 ಪಿಕ್ಸೆಲ್ ಬೇಕಿದ್ದರೆ 450ರಂತೆ ಎರಡು ಸಲ. ಮೂರು ಸಲಕ್ಕಿಂತ ಹೆಚ್ಚು ಮಾಡಿದರೆ ಊಹೆಯ ಮೇಲೆ ಊಹೆ ಕೂತು ಬೆಳಕಿನ ದಿಕ್ಕೇ ತಪ್ಪುತ್ತದೆ.

ಕ್ಯಾನ್ವಾ ಮತ್ತು ಮೊಬೈಲ್

ಫೋಟೋಶಾಪ್ ಇಲ್ಲದವರಿಗೆ ಕ್ಯಾನ್ವಾದ ಮ್ಯಾಜಿಕ್ ಎಕ್ಸ್‌ಪ್ಯಾಂಡ್ ಇದೆ. ಹಣ ಕೊಟ್ಟು ಪಡೆಯುವ ಆವೃತ್ತಿಯಲ್ಲಿ ಸಿಗುತ್ತದೆ. ಚಿತ್ರ ಒತ್ತಿ, ಎಡಿಟ್‌ಗೆ ಹೋಗಿ, ಬೇಕಾದ ಅನುಪಾತ ಆರಿಸಿದರೆ ಆಯಿತು. ವಾಟ್ಸ್ಆ್ಯಪ್ ಸ್ಟೇಟಸ್‌ನ 1080×1920, ಯೂಟ್ಯೂಬ್ ಮುಖಚಿತ್ರದ 1280×720 ಇಂಥ ಕೆಲಸಗಳಿಗೆ ಧಾರಾಳವಾಗಿ ಸಾಲುತ್ತದೆ. ದೊಡ್ಡ ಮುದ್ರಣಕ್ಕೆ ನಾನು ಅದನ್ನು ಬಳಸುವುದಿಲ್ಲ. ಸ್ಯಾಮ್‌ಸಂಗ್‌ನ ಎಸ್24 ಸರಣಿಯಿಂದ ಈಚಿನ ಕೆಲವು ಫೋನುಗಳಲ್ಲಿ ಓರೆಯಾದ ಚಿತ್ರವನ್ನು ನೇರ ಮಾಡಿದಾಗ ಖಾಲಿಯಾಗುವ ಮೂಲೆಗಳನ್ನು ಎಐ ತುಂಬಿಕೊಡುತ್ತದೆ, ಮತ್ತು ಹಾಗೆ ತುಂಬಿದ್ದಕ್ಕೆ ಚಿತ್ರದ ಮೂಲೆಯಲ್ಲಿ ಗುರುತು ಹಾಕುತ್ತದೆ. ಆ ಗುರುತನ್ನು ಅಳಿಸಲು ಹೋಗಬೇಡಿ.

ಸ್ವಂತ ಕಂಪ್ಯೂಟರಿನಲ್ಲಿ, ಹಣವಿಲ್ಲದೆ

ಸ್ಟೇಬಲ್ ಡಿಫ್ಯೂಷನ್ ಆಧಾರಿತ ಉಚಿತ ತಂತ್ರಾಂಶಗಳನ್ನು ನಾನು ಮನಸಾರೆ ಶಿಫಾರಸು ಮಾಡುತ್ತೇನೆ. ಖರ್ಚು ಉಳಿಯುತ್ತದೆ ಎಂಬುದಷ್ಟೇ ಕಾರಣವಲ್ಲ. ಕ್ಲೌಡ್ ಸೇವೆಗಳಲ್ಲಿ ಗ್ರಾಹಕರ ಚಿತ್ರ ಬೇರೆಯವರ ಸರ್ವರ್‌ಗೆ ಹೋಗುತ್ತದೆ. ಮಕ್ಕಳ ನಾಮಕರಣದ ಚಿತ್ರ, ಮನೆಯ ಒಳಗಿನ ಚಿತ್ರ ಕೊಟ್ಟವರನ್ನು ಕೇಳದೆ ಹಾಗೆ ಕಳಿಸುವುದು ನಂಬಿಕೆಗೆ ಮಾಡುವ ಮೋಸ. ಸ್ವಂತ ಯಂತ್ರದಲ್ಲಿ ಮಾಡಿದರೆ ಚಿತ್ರ ಅಂಗಡಿಯ ಹೊಸ್ತಿಲು ದಾಟುವುದಿಲ್ಲ.

ಇಂಥ ತಂತ್ರಾಂಶಗಳಲ್ಲಿ ಹೊಸಬರಿಗೆ ಫೂಕಸ್ ಸುಲಭ. ಕನಿಷ್ಠ 4 ಜಿಬಿ ಮೆಮೊರಿಯ ಎನ್ವಿಡಿಯಾ ಗ್ರಾಫಿಕ್ಸ್ ಕಾರ್ಡ್, 8 ಜಿಬಿ ರ‍್ಯಾಮ್ ಇದ್ದರೆ ಓಡುತ್ತದೆ, ನಿಧಾನವಾಗಿಯಾದರೂ. ಇನ್‌ಪುಟ್ ಇಮೇಜ್ ಗುರುತು ಹಾಕಿ, ಔಟ್‌ಪೇಂಟ್ ವಿಭಾಗದಲ್ಲಿ ಎಡ, ಬಲ, ಮೇಲೆ, ಕೆಳಗೆ ಎಂಬ ದಿಕ್ಕು ಆರಿಸಿ ಜನರೇಟ್ ಒತ್ತಿದರೆ ಆ ದಿಕ್ಕಿಗೆ ಸುಮಾರು ಶೇಕಡಾ 30ರಷ್ಟು ಹಿಗ್ಗುತ್ತದೆ.

ಹಿಡಿತ ಹೆಚ್ಚು ಬೇಕೆನ್ನುವವರು ಕಂಫಿಯುಐ ಎಂಬ ತಂತ್ರಾಂಶ ಕಲಿಯಬೇಕು. ಅದರಲ್ಲಿ ಕೆಲಸದ ಪ್ರತಿಯೊಂದು ಹಂತವೂ ಒಂದು ಪೆಟ್ಟಿಗೆ. ಪೆಟ್ಟಿಗೆಗಳನ್ನು ದಾರ ಎಳೆದು ಜೋಡಿಸಬೇಕು. ಚಿತ್ರ ತೆರೆಯುವ ಪೆಟ್ಟಿಗೆಯಿಂದ ದಾರವನ್ನು ‘ಪ್ಯಾಡ್ ಇಮೇಜ್ ಫಾರ್ ಔಟ್‌ಪೇಂಟಿಂಗ್’ ಎಂಬ ಪೆಟ್ಟಿಗೆಗೆ ಕೊಡಿ. ಯಾವ ಬದಿಗೆ ಎಷ್ಟು ಪಿಕ್ಸೆಲ್ ಎಂದು ಅಲ್ಲಿ ತುಂಬಬೇಕು. ಅಳತೆಗಳು ಎಂಟರಿಂದ ಭಾಗವಾಗುವಂತಿರಲಿ, ಏಕೆಂದರೆ ಮಾದರಿ (ಚಿತ್ರಗಳಿಂದ ಕಲಿತು ಹೊಸದನ್ನು ಬರೆಯುವ ಎಐ ಭಾಗ) ಒಳಗೊಳಗೆ ಚಿತ್ರವನ್ನು ಎಂಟನೇ ಒಂದು ಅಳತೆಗೆ ಕುಗ್ಗಿಸಿಕೊಂಡು ಕೆಲಸ ಮಾಡುತ್ತದೆ. ಅದೇ ಪೆಟ್ಟಿಗೆಯಲ್ಲಿ ಫೆದರಿಂಗ್ ಎಂಬ ಸಂಖ್ಯೆ ಇದೆ, ಮೊದಲೇ ಇರುವುದು 40. ಹಳೆಯದು ಮತ್ತು ಹೊಸದು ಎಷ್ಟು ಅಗಲದಲ್ಲಿ ಒಂದರೊಳಗೊಂದು ಕರಗಬೇಕು ಎಂಬುದನ್ನು ಅದು ಹೇಳುತ್ತದೆ. ಮಂಜಿನ ಚಿತ್ರಕ್ಕೆ ನಾನು ಅದನ್ನು 80, 100ಕ್ಕೂ ಏರಿಸುತ್ತೇನೆ. ಗೋಡೆ, ಕಂಬದಂಥ ಖಚಿತ ಗೆರೆಗಳಿದ್ದರೆ ಇಳಿಸುತ್ತೇನೆ. ಮಾದರಿ ಆರಿಸುವಾಗ, ಚಿತ್ರದಲ್ಲಿ ಗುರುತು ಮಾಡಿದ ಜಾಗ ತುಂಬುವ ಇನ್‌ಪೇಂಟಿಂಗ್‌ಗೆಂದೇ ತರಬೇತಾದದ್ದನ್ನು ಹಾಕಿ. ಸಾಮಾನ್ಯ ಮಾದರಿ ಹಾಕಿದರೆ ಹಳೆಯ ಚಿತ್ರದ ಪಕ್ಕ ಬೇರೆಯದೇ ಚಿತ್ರವನ್ನು ಅಂಟಿಸಿದಂತೆ ಕಾಣುತ್ತದೆ.

ಈ ದಾರಿಯಲ್ಲಿ ಎರಡು ಗುಂಡಿಗಳಿವೆ, ನಾನು ಎರಡರಲ್ಲೂ ಬಿದ್ದಿದ್ದೇನೆ. ಒಂದು, ಸ್ಟೇಬಲ್ ಡಿಫ್ಯೂಷನ್ 1.5 ಕಲಿತದ್ದು 512 ಪಿಕ್ಸೆಲ್ ಚಿತ್ರಗಳಿಂದ, ಅದರ ನಂತರ ಬಂದ ಎಸ್‌ಡಿಎಕ್ಸ್ಎಲ್ 1024ರಿಂದ. ಅದಕ್ಕಿಂತ ಬಹಳ ದೊಡ್ಡ ಹಾಳೆ ಕೊಟ್ಟರೆ ಒಂದೇ ಮರವನ್ನು ಐದು ಸಲ ಬರೆಯುತ್ತವೆ. ಎರಡು, ಮಾದರಿಯ ಮೂಲಕ ಹೋಗಿ ಬಂದ ಚಿತ್ರದಲ್ಲಿ ನೀವು ಮುಟ್ಟಬಾರದೆಂದಿದ್ದ ಮೂಲ ಭಾಗವೂ ತುಸು ಬದಲಾಗಿರುತ್ತದೆ. ಕುಗ್ಗಿ ಮತ್ತೆ ಹಿಗ್ಗುವಾಗ ಸಣ್ಣ ವಿವರಗಳು ಕಲಸಿಹೋಗುತ್ತವೆ. ದೂರದ ಮುಖಗಳಲ್ಲಿ ಅದು ಮೊದಲು ಕಾಣುತ್ತದೆ. ಕಣ್ಣು ಕಣ್ಣಿನ ಹಾಗಿರುವುದಿಲ್ಲ.

ಎರಡಕ್ಕೂ ಒಂದೇ ಮದ್ದು. ಮೂಲದ ಸಣ್ಣ ಪ್ರತಿಯೊಂದನ್ನು ಮಾಡಿಕೊಂಡು ಅದನ್ನು ಹಿಗ್ಗಿಸಿ. ಬಂದ ಫಲಿತಾಂಶವನ್ನು ಅಪ್‌ಸ್ಕೇಲರ್‌ನಿಂದ ಪೂರ್ತಿ ಅಳತೆಗೆ ದೊಡ್ಡದಾಗಿಸಿ. ಆಮೇಲೆ ಮೂಲ ಚಿತ್ರವನ್ನು, ಕ್ಯಾಮೆರಾದಿಂದ ಬಂದ ಹಾಗೆಯೇ, ಅದರ ಮೇಲೆ ಸರಿಯಾದ ಜಾಗದಲ್ಲಿ ಕೂರಿಸಿ, ಅಂಚಿನಲ್ಲಷ್ಟೇ, ಪದರದ ಒಂದು ಭಾಗವನ್ನು ಮರೆಮಾಡುವ ಮಾಸ್ಕ್‌ನಿಂದ ಮೆಲ್ಲನೆ ಕರಗಿಸಿ. ಯಾವ ತಂತ್ರಾಂಶ ಬಳಸಿದರೂ ಕೊನೆಗೆ ಮೂಲ ಮೇಲಿರಬೇಕು. ಈ ಮಾರ್ಗದರ್ಶಿಯಿಂದ ಒಂದೇ ವಿಷಯ ತೆಗೆದುಕೊಳ್ಳುವುದಾದರೆ ಇದನ್ನು ತೆಗೆದುಕೊಳ್ಳಿ.

ಹೊಲಿಗೆ ಪರೀಕ್ಷೆ

ಪರದೆಯ ಮೇಲೆ ಚೆನ್ನಾಗಿ ಕಂಡದ್ದು ಮುದ್ರಣದಲ್ಲಿ ಗೆರೆ ಬಿಟ್ಟು ಕಾಣಿಸಬಹುದು. ಅದಕ್ಕಾಗಿ ಚಿತ್ರದ ಮೇಲೆ ತಾತ್ಕಾಲಿಕವಾಗಿ ಬೆಳಕು–ಬಣ್ಣ ಬದಲಿಸುವ ಒಂದು ಕರ್ವ್ಸ್ ಪದರ ಹಾಕಿ, ರೇಖೆಯನ್ನು ಹಾವಿನಂತೆ ಮೇಲೆ ಕೆಳಗೆ ಬಳುಕಿಸಿ. ಬಣ್ಣಗಳು ವಿಕಾರವಾಗುತ್ತವೆ, ಆದರೆ ಬರಿಗಣ್ಣಿಗೆ ಕಾಣದ ಹೊಲಿಗೆ ಎದ್ದು ಕಾಣುತ್ತದೆ. ಮಂಜು ಮತ್ತು ಆಕಾಶದಲ್ಲಿ ಈ ಪರೀಕ್ಷೆ ಮಾಡದೆ ನಾನು ಯಾವ ಚಿತ್ರವನ್ನೂ ಹೊರಗೆ ಬಿಡುವುದಿಲ್ಲ.

ಆಮೇಲೆ ಶೇಕಡಾ 100ರ ಅಳತೆಯಲ್ಲಿ ನೋಡಿ ಕಣಗಳನ್ನು ಹೋಲಿಸಿ. ಮೊಬೈಲಿನಲ್ಲಿ ಮುಂಜಾನೆ ತೆಗೆದ ಚಿತ್ರದಲ್ಲಿ ಸಣ್ಣ ಮರಳಿನಂಥ ಕಣ ಇರುತ್ತದೆ. ಎಐ ಬರೆದ ಭಾಗ ಬೆಣ್ಣೆ ಸವರಿದಂತೆ ನಯವಾಗಿರುತ್ತದೆ. ಹೊಸ ಭಾಗಕ್ಕೆ ಮಾತ್ರ ಆ್ಯಡ್ ನಾಯ್ಸ್ ಮೂಲಕ ಶೇಕಡಾ ಒಂದರಿಂದ ಮೂರರಷ್ಟು ಕಣ ಸೇರಿಸಿದರೆ ಎರಡೂ ಕೂಡಿಕೊಳ್ಳುತ್ತವೆ. ನೆರಳು ಯಾವ ಕಡೆ ಬಿದ್ದಿದೆ, ಹಿನ್ನೆಲೆಯ ಮಸುಕು ಒಂದೇ ಸಮನಾಗಿದೆಯೇ, ಒಂದೇ ಕೊಂಬೆ ಎರಡು ಕಡೆ ಮರುಕಳಿಸಿದೆಯೇ ಎಂದೂ ನೋಡಿ. ಚಿತ್ರವನ್ನು ಎಡ–ಬಲ ತಿರುವಿ ನೋಡಿದರೆ ಪಳಗಿದ ಕಣ್ಣಿಗೆ ತಪ್ಪಿಸಿಕೊಂಡದ್ದು ಸಿಗುತ್ತದೆ.

ಕಲ್ಲಿನ ಗೋಡೆಯ ಮುಂದೆ ನಿಲ್ಲಿಸಿ

ಹಾಸನದಲ್ಲಿ ಈ ಕೆಲಸ ಮಾಡುವವರು ಎಂದಾದರೊಂದು ದಿನ ಬೇಲೂರು, ಹಳೇಬೀಡಿನ ಚಿತ್ರ ಹಿಗ್ಗಿಸಿ ಎಂಬ ಬೇಡಿಕೆ ಎದುರಿಸಿಯೇ ಎದುರಿಸುತ್ತಾರೆ. ಮದುವೆಗೆ ಮುಂಚಿನ ಚಿತ್ರೀಕರಣಕ್ಕೋ, ಪ್ರವಾಸದ ಜಾಹೀರಾತಿಗೋ ಅದು ಬೇಕಾಗುತ್ತದೆ. ನನಗೂ ಬಂದಿತ್ತು. ಹೊಯ್ಸಳೇಶ್ವರ ದೇವಾಲಯದ ಹೊರಗೋಡೆಯ ಚಿತ್ರವೊಂದನ್ನು ಬಲಕ್ಕೆ ಹಿಗ್ಗಿಸಿದೆ. ದೂರದಿಂದ ನೋಡಿದಾಗ ಬೆರಗಾದೆ. ಹತ್ತಿರ ಹೋದರೆ ಕೆಳಗಿನ ಪಟ್ಟಿಯ ಆನೆಗಳಿಗೆ ಸೊಂಡಿಲು ಎಲ್ಲಿ ಮುಗಿದು ಮುಂದಿನ ಆನೆಯ ಬಾಲ ಎಲ್ಲಿ ಶುರುವಾಗುತ್ತದೆ ಎಂಬುದೇ ತಿಳಿಯುತ್ತಿರಲಿಲ್ಲ. ಮೇಲಿನ ಸಿಂಹಗಳ ಸಾಲು ಕರಗಿ ಬಳ್ಳಿಯಾಗಿತ್ತು, ಬಳ್ಳಿ ಕರಗಿ ಕುದುರೆಯಾಗಿತ್ತು. ಅದರ ಮೇಲೆ ದೇವರಂತೆ ಕಾಣುವ ಒಂದು ಮೂರ್ತಿ, ಕೈಯಲ್ಲಿ ಶಂಖವೂ ಅಲ್ಲದ ಚಕ್ರವೂ ಅಲ್ಲದ ಏನೋ ಒಂದು ವಸ್ತು.

ಆ ಗೋಡೆಯ ಆನೆಗಳನ್ನು ಬಿಡುವು ಮಾಡಿಕೊಂಡು ನೋಡಿದವರಿಗೆ ಗೊತ್ತು, ಒಂದು ಇನ್ನೊಂದರಂತಿಲ್ಲ. 12ನೆಯ ಶತಮಾನದಲ್ಲಿ ಬಳಪದ ಕಲ್ಲನ್ನು ಒಡವೆಯಂತೆ ಕೆತ್ತಿದ ಕೈಗಳು ಅವು. ಬೇಲೂರು, ಹಳೇಬೀಡು, ಸೋಮನಾಥಪುರದ ದೇವಾಲಯಗಳು 2023ರಲ್ಲಿ ಯುನೆಸ್ಕೋದ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದವು. ಅಂಥ ಗೋಡೆಗೆ ಯಂತ್ರದ ಊಹೆಯನ್ನು ಅಂಟಿಸಿ ಹಂಚಿದರೆ, ನೋಡದವರು ಅದನ್ನೇ ಹಳೇಬೀಡು ಎಂದು ನಂಬುತ್ತಾರೆ. ಆ ಚಿತ್ರವನ್ನು ನಾನು ಅಳಿಸಿದೆ. ಅಂದಿನಿಂದ ನನ್ನ ನಿಯಮ ಇಷ್ಟು: ಮೇಲಿನ ಆಕಾಶವನ್ನು ಹಿಗ್ಗಿಸುತ್ತೇನೆ, ಮುಂದಿನ ಹುಲ್ಲುಹಾಸನ್ನು ಹಿಗ್ಗಿಸುತ್ತೇನೆ, ಗೋಡೆಯನ್ನು ಮುಟ್ಟುವುದಿಲ್ಲ.

ಶೆಟ್ಟಿಹಳ್ಳಿಯ ಪಾಳು ಚರ್ಚಿನ ಚಿತ್ರಕ್ಕೂ ಇದೇ ಮಾತು. ಹೇಮಾವತಿ ಜಲಾಶಯದ ಹಿನ್ನೀರಿನಲ್ಲಿ ಮಾಡಿಲ್ಲದೆ ನಿಂತ ಆ ಗೋಡೆಗಳ ಮೇಲೆ, ಚಿತ್ರದ ಮೇಲಂಚು ಹಿಗ್ಗಿಸಿದಾಗ, ಯಂತ್ರ ಒಂದು ಚೂಪು ಗೋಪುರ ಕಟ್ಟಿಕೊಟ್ಟಿತು. ನೀರಿನ ಕಡೆಗೆ, ಕೆಳಗೆ ಹಿಗ್ಗಿಸಿದರೆ ತೊಂದರೆ ಕಡಿಮೆ. ಆದರೂ ಪ್ರತಿಬಿಂಬದಲ್ಲಿ ಕಮಾನುಗಳ ಸಂಖ್ಯೆ ಮೇಲಿನದಕ್ಕೆ ಸರಿಹೊಂದುತ್ತದೆಯೇ ಎಂದು ಎಣಿಸಿ.

ಶಿಲ್ಪದ ಗೋಡೆ ಅಗಲವಾಗಿ ಬೇಕೇ ಬೇಕು ಎನ್ನುವವರಿಗೆ ಎಐಗಿಂತ ಒಳ್ಳೆಯ ದಾರಿ ಇದೆ. ಹಾಸನದಿಂದ ಹಳೇಬೀಡಿಗೆ ಬಸ್ಸಿನಲ್ಲಿ ಒಂದು ಗಂಟೆಯ ದಾರಿ. ಹೋಗಿ, ಗೋಡೆಯ ಉದ್ದಕ್ಕೂ ಐದಾರು ಚಿತ್ರ ತೆಗೆಯಿರಿ. ಒಂದು ಚಿತ್ರದ ಮೂರನೇ ಒಂದು ಭಾಗ ಮುಂದಿನದರಲ್ಲೂ ಬರುವಂತಿರಲಿ, ಬೆಳಕಿನ ಹೊಂದಾಣಿಕೆಯನ್ನು ನಡುವೆ ಬದಲಿಸಬೇಡಿ. ಫೋಟೋಶಾಪ್‌ನ ಫೋಟೋಮರ್ಜ್ ಅಥವಾ ಉಚಿತ ತಂತ್ರಾಂಶ ಹ್ಯೂಗಿನ್ ಅವನ್ನು ಒಂದೇ ಅಗಲ ಚಿತ್ರವಾಗಿ ಬೆಸೆಯುತ್ತದೆ. ಅದರಲ್ಲಿ ಪ್ರತಿಯೊಂದು ಆನೆಯೂ ನಿಜವಾದದ್ದು. ಬೆಸೆದಾಗ ಮೇಲೆ ಕೆಳಗೆ ಉಳಿಯುವ ಅಂಕುಡೊಂಕು ಖಾಲಿ ಜಾಗಕ್ಕೆ, ಅಲ್ಲಿ ಆಕಾಶ ಮತ್ತು ನೆಲ ಮಾತ್ರ ಇದ್ದರೆ, ಎಐ ಬಳಸಬಹುದು.

ಮನುಷ್ಯರ ಚಿತ್ರ

ಒಬ್ಬ ಗ್ರಾಹಕರು ತೀರಿಕೊಂಡ ತಂದೆಯ ಹಳೆಯ ಫೋಟೋ ತಂದಿದ್ದರು. ಎದೆಯವರೆಗೆ ಮಾತ್ರ ಇತ್ತು. ಕೂತಿರುವಂತೆ ಪೂರ್ತಿ ಮಾಡಿಕೊಡಿ, ನಡುಮನೆಯಲ್ಲಿ ಹಾಕಬೇಕು ಎಂದರು. ಮಾಡಿಕೊಟ್ಟೆ. ಪಂಚೆ, ಕುರ್ಚಿ, ತೊಡೆಯ ಮೇಲಿಟ್ಟ ಕೈಗಳು, ಎಲ್ಲವೂ ಅಚ್ಚುಕಟ್ಟಾಗಿದ್ದವು. ಅವರ ತಾಯಿ ಚಿತ್ರವನ್ನು ಬಹಳ ಹೊತ್ತು ನೋಡಿ, ಇದು ಅವರ ಕೈಯಲ್ಲ ಎಂದರು. ಕಾಫಿ ಹಣ್ಣಿನ ಸಿಪ್ಪೆ ಸುಲಿಯುವ ಪಲ್ಪರ್ ಯಂತ್ರಕ್ಕೆ ಸಿಕ್ಕಿ ಬಲಗೈಯ ಒಂದು ಬೆರಳು ಅರ್ಧ ಹೋಗಿತ್ತಂತೆ. ಮಗನೂ ಅದನ್ನು ಹೇಳಲು ಮರೆತಿದ್ದರು, ಕೇಳಬೇಕೆಂದು ನನಗೂ ಹೊಳೆದಿರಲಿಲ್ಲ.

ಅಲ್ಲಿಂದೀಚೆಗೆ ನಾನು ಯಾರ ಮೈಯನ್ನೂ ಯಂತ್ರದಿಂದ ಬರೆಸುವುದಿಲ್ಲ. ಅಂಥ ಬೇಡಿಕೆ ಬಂದರೆ ಹಿನ್ನೆಲೆಯನ್ನು ಮೇಲಕ್ಕೂ ಬದಿಗಳಿಗೂ ಹಿಗ್ಗಿಸಿ, ಮುಖವನ್ನು ಅದರ ಜಾಗದಲ್ಲೇ ಬಿಟ್ಟು, ಕೆಳಗೆ ಮೆಲ್ಲನೆ ಮಸುಕಾಗುವಂತೆ ಮಾಡುತ್ತೇನೆ. ಹಳೆಯ ಸ್ಟುಡಿಯೋಗಳು ಹಾಗೆಯೇ ಮಾಡುತ್ತಿದ್ದವು, ನೋಡಲೂ ಘನವಾಗಿರುತ್ತದೆ. ಗುಂಪುಚಿತ್ರದಲ್ಲಿ ಕೊನೆಯಲ್ಲಿ ನಿಂತವರ ಭುಜ ತುಂಡಾಗಿದ್ದರೆ, ಅದೇ ದಿನ ತೆಗೆದ ಬೇರೊಂದು ಚಿತ್ರದಿಂದ ಆ ಭುಜವನ್ನು ತಂದು ಕೂರಿಸಿ. ಸೀರೆಯ ಸೆರಗು, ಬಾಸಿಂಗ, ಸರದ ಪದಕ ಇವನ್ನೂ ಯಂತ್ರ ಬದಲಿಸಿಬಿಡುತ್ತದೆ, ಮತ್ತು ಮನೆಯವರ ಕಣ್ಣಿಗೆ ಅದು ತಕ್ಷಣ ಬೀಳುತ್ತದೆ.

ಜಮೀನಿನ ತಕರಾರು, ಅಪಘಾತದ ದಾವೆ, ಪತ್ರಿಕೆಯ ಸುದ್ದಿ, ಗುರುತಿನ ಚೀಟಿ ಇವಕ್ಕೆ ಸಂಬಂಧಿಸಿದ ಚಿತ್ರವನ್ನು ಒಂದು ಪಿಕ್ಸೆಲ್‌ನಷ್ಟೂ ಹಿಗ್ಗಿಸಬೇಡಿ. ಬೇಲಿಯ ಆಚೆ ಮರ ಇತ್ತೋ ಇಲ್ಲವೋ ಎಂಬುದೇ ಅಲ್ಲಿ ತೀರ್ಮಾನವಾಗಬೇಕಾದ ಸಂಗತಿಯಾಗಿರಬಹುದು.

ಮುದ್ರಣಕ್ಕೆ ಕೊಡುವ ಮೊದಲು

ಪ್ರತಿ ಕೆಲಸಕ್ಕೂ ನಾನು ಮೂರು ಕಡತ ಇಡುತ್ತೇನೆ: ಬಂದ ಹಾಗೆಯೇ ಇರುವ ಮೂಲ, ಎಲ್ಲ ಪದರಗಳೂ ಬೇರೆ ಬೇರೆ ಇರುವ ಕೆಲಸದ ಪ್ರತಿ, ಮುದ್ರಣದ ಪ್ರತಿ. ಕಡತದ ಹೆಸರಿನಲ್ಲೇ ‘ಹಿಗ್ಗಿಸಿದ್ದು’ ಎಂದು ಸೇರಿಸುತ್ತೇನೆ. ಅಡೋಬಿಯಂಥ ಸಂಸ್ಥೆಗಳು ಎಐ ಬಳಕೆಯ ವಿವರವನ್ನು ಕಡತದೊಳಗೆ ಕಾಣದಂತೆ ಬರೆದಿಡುವ ವ್ಯವಸ್ಥೆ ಮಾಡಿವೆ, ಆದರೆ ಚಿತ್ರ ಒಂದು ಮೊಬೈಲಿನಿಂದ ಇನ್ನೊಂದಕ್ಕೆ ಹಾರುವಾಗ ಅಂಥ ವಿವರ ಉದುರಿಹೋಗುವುದೇ ಹೆಚ್ಚು. ಹಾಗಾಗಿ ಬಿಲ್ಲಿನಲ್ಲೂ ಒಂದು ಸಾಲು ಬರೆಯುತ್ತೇನೆ: ಎಡ ಮತ್ತು ಬಲ ಬದಿಯ ಹಿನ್ನೆಲೆ ಎಐನಿಂದ ಬರೆಸಿದ್ದು. ಇದುವರೆಗೆ ಅದಕ್ಕೆ ಯಾರೂ ಬೇಸರಿಸಿಲ್ಲ.

ಕಾಫಿ ತೋಟದ ಆ ಫ್ಲೆಕ್ಸ್‌ಗೆ ಮರಳುವುದಾದರೆ, ಎಂಟು ಅಡಿ ಪೂರ್ತಿ ಮುದ್ರಿಸುವ ಮುನ್ನ ಒಂದು ಅಡಿ ಅಗಲದ ಪಟ್ಟಿಯನ್ನು ಮಾದರಿಗೆ ಮುದ್ರಿಸಿಕೊಡಲು ಕೇಳಿ. ಮೂಲವೂ ಹೊಸದೂ ಸೇರುವ ಜಾಗ ಆ ಪಟ್ಟ‍ಿಯ ನಡುವೆ ಬರಲಿ. ಅದನ್ನು ಬಿಸಿಲಿಗೆ ತಂದು, ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಹಸಿರು ಎರಡು ಬಗೆಯಾಗಿ ಕಂಡರೆ ಹೊಸ ಭಾಗದ ಬಣ್ಣವನ್ನು ಇನ್ನೊಮ್ಮೆ ಹೊಂದಿಸಿ, ಮತ್ತೊಂದು ಪಟ್ಟಿ ಮುದ್ರಿಸಿ.